ಕೊನೆಯ ಹನ್ನೆರಡು ಅಡಿ

ಬೇರೆಯವರ ಪ್ರೇಮ ಹೂದೋಟದಲ್ಲೋ ರೈಲಿನ ಕಿಟಕಿಯ ಪಕ್ಕದಲ್ಲೋ ಶುರುವಾಗುತ್ತದೆ. ನನ್ನದು ಶುರುವಾದದ್ದು ಮ್ಯೂಸಿಯಂನ ಶೌಚಾಲಯದಲ್ಲಿ. ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ನಗುವುದಕ್ಕೆ ಹೆಚ್ಚೇನೂ ಉಳಿದಿಲ್ಲ.

ಪರದೇಶದಲ್ಲಿ ಅದು ನನ್ನ ಎರಡನೆಯ ದಿನ. ಆಗ ನಾನು ಆರ್ಕಿಟೆಕ್ಚರ್ ನಾಲ್ಕನೇ ವರ್ಷದಲ್ಲಿದ್ದೆ. ಕಾಲೇಜಿನವರು ಏರ್ಪಡಿಸಿದ್ದ ಐದು ವಾರದ ಪ್ರವಾಸ: ಒಂದಿಷ್ಟು ಊರು ನೋಡುವುದು, ಒಂದಿಷ್ಟು ಸಮಾಜಸೇವೆ, ಕೊನೆಗೊಂದು ಸರ್ಟಿಫಿಕೇಟ್. ನಿಜ ಹೇಳಬೇಕೆಂದರೆ ನಾನು ಬಂದದ್ದು ಊರು ನೋಡಲು. ಸೇವೆಯನ್ನು ಹೇಗೋ ಮುಗಿಸಿದರಾಯಿತು ಎಂದುಕೊಂಡಿದ್ದೆ.

ನನ್ನ ಪಾಲಿಗೆ ಬಂದದ್ದು ಅಲ್ಲೇ ನೆಲೆಸಿದ್ದ ಕನ್ನಡದವರು ನಡೆಸುತ್ತಿದ್ದ ಒಂದು ಸಣ್ಣ ಸಂಸ್ಥೆ. ಗಾಲಿಕುರ್ಚಿಯಲ್ಲಿ ಓಡಾಡುವವರಿಗಾಗಿ ಅವರು ಪ್ರತಿವರ್ಷ ಊರಿನ ಕೈಪಿಡಿಯೊಂದನ್ನು ಅಚ್ಚು ಹಾಕಿಸುತ್ತಿದ್ದರು. ಯಾವ ಜಾಗಕ್ಕೆ ಹೋಗಬಹುದು, ಎಲ್ಲಿ ಮೆಟ್ಟಿಲು ಅಡ್ಡ ಬರುತ್ತದೆ, ಯಾವ ಬಾಗಿಲು ಇಕ್ಕಟ್ಟು, ಎಲ್ಲವನ್ನೂ ಅಳೆದು ಬರೆಯುವುದು ಕೆಲಸ. ಸಂಸ್ಥೆ ನಡೆಸುತ್ತಿದ್ದವರನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. "ಹನ್ನೊಂದಕ್ಕೆ ಮ್ಯೂಸಿಯಂಗೆ ಬಾಮ್ಮ, ನಮ್ಮ ಇಂಚು ಅಲ್ಲಿರ್ತಾನೆ" ಎಂದು ಅವರು ಫೋನಿನಲ್ಲಿ ಹೇಳಿದಾಗ, ಇಂಚು ಎಂದರೆ ಮನುಷ್ಯನೋ ಸಾಕುನಾಯಿಯೋ ಎಂದು ಕೇಳಲು ನನಗೆ ಸಂಕೋಚವಾಯಿತು.

ಹತ್ತೂವರೆಗೇ ತಲುಪಿದೆ. ಕೈತೊಳೆಯೋಣವೆಂದು ದೊಡ್ಡ ಬಾಗಿಲೊಂದನ್ನು ತಳ್ಳಿದರೆ, ಒಳಗೆ ಖಾಲಿ ಗಾಲಿಕುರ್ಚಿ. ಬೇಸಿನ್ ಕೆಳಗೆ ನೆಲದ ಮೇಲೆ ಒಬ್ಬ ಗಂಡಸು ಅಂಗಾತ ಬಿದ್ದಿದ್ದಾನೆ!

"ಅಯ್ಯೋ! ಯಾರಾದ್ರೂ ಬನ್ರೀ! ಇಲ್ಲೊಬ್ರು ಬಿದ್ದುಬಿಟ್ಟಿದಾರೆ!" ಎಂದು ಕಿರುಚಿದವಳೇ ಅವನ ಕಂಕುಳಿಗೆ ಕೈಹಾಕಿ ಎಳೆದೆ.

"ಬಿಡ್ರೀ! ಬಿದ್ದಿಲ್ಲ ನಾನು. ಮಲಗಿದೀನಿ!"

"ಇಲ್ಯಾಕ್ರೀ ಮಲಗಿದೀರಾ?"

"ನಿದ್ದೆ ಬಂತು." ಅವನು ಕೈಯಲ್ಲಿದ್ದ ಅಳತೆಯ ಟೇಪನ್ನು ನನ್ನ ಮೂಗಿನ ಮುಂದೆ ಹಿಡಿದ. "ಕುರ್ಚೀಲಿ ಕೂತೋರ ಮೊಣಕಾಲು ಬೇಸಿನ್ ಕೆಳಗೆ ಹೋಗುತ್ತಾ ಅಂತ ನೋಡ್ತಿದ್ದೆ. ಇಪ್ಪತ್ತೇಳು ಇಂಚು ಬೇಕು. ಇಪ್ಪತ್ತಾರೂವರೆ ಇತ್ತು. ನೀವು ಎಳೆದ ರಭಸಕ್ಕೆ ಈಗ ಮತ್ತೆ ಅಳೀಬೇಕು."

"ಬಾಗಿಲಿಗೆ ಚಿಲಕ ಹಾಕ್ಕೋಬಾರ್ದಾ?"

"ಚಿಲಕ ಎಟುಕಲ್ಲ. ಅದನ್ನೂ ಬರ್ಕೊಂಡಿದೀನಿ."

ಅಷ್ಟರಲ್ಲಿ ಗಾರ್ಡು, ಕಸ ಗುಡಿಸುವವಳು, ಯಾರೋ ಇಬ್ಬರು ಪ್ರವಾಸಿಗರು ಬಾಗಿಲಲ್ಲಿ ಜಮಾಯಿಸಿದ್ದರು. ಅವನು ಕೈಯೂರಿ ಒಂದೇ ಏಟಿಗೆ ಕುರ್ಚಿಗೆ ಏರಿ ಕೂತ. ನಾನು ಮತ್ತೆ ಕೈ ಚಾಚಿದೆ. "ಕೈ!" ಎಂದು ಮಗುವನ್ನು ಗದರುವ ಹಾಗೆ ಗದರಿದ. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿ ಆಗ ಅವನ ಕಣ್ಣಿಗೆ ಬಿತ್ತು. "ಓಹೋ, ನೀವೇನಾ ಆ ಸ್ಟೂಡೆಂಟು? ನಾನು ಇಂಚು." ಎಡಗಡೆಯ ಹುಬ್ಬು ಮಾತ್ರ ಮೇಲೆದ್ದಿತ್ತು. ನಾಚಿಕೆಯಿಂದ ನನ್ನ ಮುಖ ಕೆಂಪಾಗಿ ಹೋಗಿತ್ತು.

ಅವನಿಗೆ ಆ ಹೆಸರು ಬಂದ ಕಥೆ ಆಮೇಲೆ ತಿಳಿಯಿತು. ಯಾವುದೋ ಹೋಟೆಲಿನ ಮ್ಯಾನೇಜರು "ಒಂದಿಂಚು ತಾನೇ ಸಾರ್, ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಿದ್ದನಂತೆ. "ಆಯ್ತು, ನಿಮ್ಮ ಮೊಣಕಾಲು ಒಂದಿಂಚು ಕತ್ತರಿಸಿ ಕೊಡಿ, ಅಡ್ಜಸ್ಟ್ ಮಾಡ್ಕೋತೀನಿ" ಎಂದು ಇವನು ಹೇಳಿದ್ದನಂತೆ.

ಅಂದೇ ಮ್ಯೂಸಿಯಂನ ಹೊರಗಿನ ಇಳಿಜಾರಿನಲ್ಲಿ ಅವನು ಕೆಲಸ ಹೇಳಿಕೊಟ್ಟ. ಮೊದಲು ಟೇಪಿನಿಂದ ಉದ್ದ, ರಸಮಟ್ಟ ಇಟ್ಟು ಏರು ಅಳೆಯಬೇಕು. ಆಮೇಲೆ ಅವನು ಕುರ್ಚಿಯಲ್ಲಿ ತಾನೇ ಹತ್ತಿ ನೋಡುತ್ತಾನೆ. ಯಾರ ಸಹಾಯವೂ ಇಲ್ಲದೆ ಹತ್ತಿದರೆ ಪುಸ್ತಕದಲ್ಲಿ ಹಸಿರು ಗುರುತು. ಒಬ್ಬರು ತಳ್ಳಬೇಕಾದರೆ ಹಳದಿ. ಆಗುವುದೇ ಇಲ್ಲವೆಂದರೆ ಕೆಂಪು. ಫಾರ್ಮಿನಲ್ಲಿ ಎರಡು ಸಹಿ ಬೀಳಬೇಕು, 'ಹತ್ತಿದವರು' ಎಂದು ಅವನದು, 'ನೋಡಿದವರು' ಎಂದು ನನ್ನದು.

"ನಿಮ್ಮ ಕೆಲಸ ನನ್ನ ಹಿಂದೆ ನಡೆಯೋದು. ಕೈ ಜೇಬಲ್ಲಿರ್ಬೇಕು."

"ನೀವು ಬೀಳೋ ಹಾಗಾದ್ರೆ?"

"ಬೀಳ್ತೀನಿ. ನೀವು ಕೆಂಪು ಅಂತ ಬರೀರಿ." ಆಮೇಲೆ ನಗು ಬಿಟ್ಟು ಹೇಳಿದ. "ನೋಡಿ, ಈ ಪುಸ್ತಕ ನಂಬ್ಕೊಂಡು ಒಬ್ಬೊಬ್ರೇ ಮನೆ ಬಿಟ್ಟು ಹೋಗೋರಿದಾರೆ. ಅವರು ಅರ್ಧ ದಾರೀಲಿ ಸಿಕ್ಕಿಹಾಕ್ಕೊಂಡ್ರೆ ಹಿಂದೆ ನೀವಿರಲ್ಲ."

"ನನ್ನ ಡ್ರೆಸ್ಸಿಗೆ ಜೇಬೇ ಇಲ್ವಲ್ಲ?"

"ಹೊಲಿಸ್ಕೊಳ್ಳಿ."

ಎಂಥ ಕೊಬ್ಬು ಇವನಿಗೆ ಎಂದು ಬೈದುಕೊಂಡೆ. ಆದರೆ ಮರುದಿನ ರೂಮ್‌ಮೇಟ್‌ಳ ಜಾಕೆಟ್ ಕೇಳಿ ಹಾಕಿಕೊಂಡು ಹೋದೆ. ಅದಕ್ಕೆ ಎರಡು ದೊಡ್ಡ ಜೇಬಿದ್ದವು.

ಹೀಗೆ ನಾನು ಊರು ನೋಡಿದೆ. ಬೇರೆ ಹುಡುಗಿಯರ ಮೊಬೈಲಿನಲ್ಲಿ ಗೋಪುರ, ಸೇತುವೆ, ಸೂರ್ಯಾಸ್ತ. ನನ್ನ ಮೊಬೈಲಿನಲ್ಲಿ ಬರೀ ಹೊಸ್ತಿಲು. ಹಳೆಯ ಲೈಬ್ರರಿಯ ಹೊಸ್ತಿಲು, ಚಿತ್ರಶಾಲೆಯ ಹೊಸ್ತಿಲು, ಹಡಗುಕಟ್ಟೆಯ ಟಿಕೆಟ್ ಕೌಂಟರಿನ ಹೊಸ್ತಿಲು. ನಾಲ್ಕು ವರ್ಷ ಕಟ್ಟಡ ಓದಿದವಳು ನಾನು, ಬಾಗಿಲೊಂದು ಎಷ್ಟು ಜನರನ್ನು ಹೊರಗೇ ನಿಲ್ಲಿಸುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಪ್ರತಿ ಏರಿನಲ್ಲೂ ಅವನು ಒಮ್ಮೆ ಎಡಭುಜದ ಮೇಲಿಂದ ತಿರುಗಿ ನೋಡುತ್ತಿದ್ದ. ಮೊದಲು ನನ್ನ ಜೇಬಿನ ಕಡೆ. ಅಲ್ಲಿಂದ ಆ ಕಣ್ಣು ನಿಧಾನವಾಗಿ ಮೇಲೇರಿ ನನ್ನ ಮುಖಕ್ಕೆ ಬರುತ್ತಿತ್ತು. ಹುಬ್ಬು ಏಳುತ್ತಿತ್ತು. ಅಷ್ಟೇ. ಮತ್ತೆ ಮುಂದೆ ತಿರುಗುತ್ತಿದ್ದ. ಎರಡನೇ ವಾರದ ಹೊತ್ತಿಗೆ ಆ ಒಂದು ನೋಟಕ್ಕಾಗಿ ನಾನು ಏರು ಹುಡುಕತೊಡಗಿದ್ದೆ. ಊರೆಲ್ಲಾ ಯಾಕಿಷ್ಟು ಸಪಾಟಾಗಿದೆ ಎಂದು ಸಿಟ್ಟು ಬರುತ್ತಿತ್ತು.

ಮೆಟ್ಟಿಲು ಮಾತ್ರವೇ ಇದ್ದ ಕಡೆ ನಾನೊಬ್ಬಳೇ ಹತ್ತಿ, ಎಣಿಸಿ, ನೋಡಿ ಬರುತ್ತಿದ್ದೆ. ಅವನು ಕೆಳಗೆ ಕಿತ್ತಳೆ ಸುಲಿಯುತ್ತಾ ಕೂತಿರುತ್ತಿದ್ದ.

"ಏನಿದೆ ಮೇಲೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಎಷ್ಟು ಇಂಚು?"

ನಾನು ಕೈಯಾಡಿಸಿ ವರ್ಣಿಸುತ್ತಿದ್ದೆ. ಅವನು ಒಂದೊಂದೇ ತೊಳೆ ನನ್ನ ಕೈಗಿಡುತ್ತಾ ಕೇಳುತ್ತಿದ್ದ. ಒಂದು ದಿನ ಕುರ್ಚಿಯ ಗಾಲಿ ನನ್ನ ಕಾಲ್ಬೆರಳ ಮೇಲೆ ಹತ್ತಿಬಿಟ್ಟಿತು. "ಅಯ್ಯಯ್ಯೋ, ನೋವಾಯ್ತಾ ನಿಂಗೆ?" ಎಂದುಬಿಟ್ಟ. ಆ 'ನಿಂಗೆ' ಮತ್ತೆ 'ನಿಮಗೆ' ಆಗಲೇ ಇಲ್ಲ. ಬೆರಳು ಊದಿಕೊಂಡಿತ್ತು, ನಾನು ಮಾತ್ರ ಹಾಸ್ಟೆಲಿನವರೆಗೂ ಕುಂಟುತ್ತಾ ನಗುತ್ತಾ ಹೋದೆ. ರೂಮ್‌ಮೇಟ್ ನೋಡಿ, "ನಿಂಗೆ ಪೂರ್ತಿ ತಲೆಕೆಟ್ಟಿದೆ ಕಣೇ" ಎಂದಳು.

ನಾಲ್ಕನೇ ವಾರ ಹಡಗುಕಟ್ಟೆಯ ಬೆಂಚಿನ ಬಳಿ ಅವನು ಗುಡ್ಡದ ಮೇಲಿನ ಹಳೆಯ ಕೋಟೆಯತ್ತ ಕೈ ತೋರಿಸಿದ.

"ಅದರ ತುದೀಲಿ ಸುತ್ತ ಕಬ್ಬಿಣದ ಕಂಬಿ ಕಾಣುತ್ತಲ್ಲ? ಬಣ್ಣ ಹೊಡೆದೋನು ನಾನು. ಮಾವನ ಜೊತೆ ಪೇಂಟಿಂಗ್ ಕೆಲಸಕ್ಕೆ ಹೋಗ್ತಿದ್ದೆ. ನೂರ ಎಂಬತ್ತು ಕಂಬಿ, ಎರಡೆರಡು ಕೋಟು. ನಾನು ಪೂರ್ತಿ ಮುಗಿಸಿದ ಕೊನೇ ಕೆಲಸ ಅದು. ಮುಂದಿನ ವಾರ ಬೇರೆ ಕಡೆ ಏಣಿ ಜಾರ್ತು."

"ಆಮೇಲೆ ಅಲ್ಲಿಗೆ ಹೋಗಿಲ್ವಾ?"

"ಏಳು ವರ್ಷದಲ್ಲಿ ಮೂರು ಸಲ ಹೋದೆ. ಮೇಲಿನ ತನಕ ರಸ್ತೆ ಇದೆ, ಮೆಟ್ಟಿಲಿಲ್ಲ. ಕೊನೇ ತಿರುವಲ್ಲಿ ಕಲ್ಲು ಹಾಸಿದಾರೆ. ಅಲ್ಲಿಂದ ಹನ್ನೆರಡಡಿ. ಮೂರು ಸಲಾನೂ ಆ ಹನ್ನೆರಡಡಿ ಬಾಕಿ ಇಟ್ಕೊಂಡು ವಾಪಸ್ ಬಂದೆ."

"ಯಾರಾದ್ರೂ ತಳ್ಳಿದ್ರೆ ಎರಡು ನಿಮಿಷದ ಕೆಲಸ ಅಲ್ವಾ?"

"ಹೌದು. ಆದ್ರೆ ಬೇಡ. ಅಲ್ಲಿಗೆ ನನ್ನ ಕಾಲಲ್ಲಿ ಹೋಗಿ ದುಡಿದೋನು ನಾನು. ಈಗ ಸಾಮಾನು ಸಾಗಿಸೋ ಥರ ನನ್ನ ಯಾರೂ ಸಾಗಿಸೋದು ಬೇಡ." ತೋಳು ಮಡಚಿ ತೋರಿಸಿದ. "ವರ್ಷದಿಂದ ದಿನಾ ಬೆಳಿಗ್ಗೆ ಕಸರತ್ತು ಮಾಡ್ತಿದೀನಿ. ಈ ಸಲ ಆಗುತ್ತೆ. ನೋಡಿದವರು ಅಂತ ನೀನೇ ಸೈನ್ ಮಾಡ್ಬೇಕು."

ಆ ತೋಳು ನೋಡಿ ನಾನು ಏನೋ ತಮಾಷೆ ಮಾಡಿದೆ. ಒಳಗೆ ಮಾತ್ರ, ದೇವರೇ ಇವನಿಗೆ ಆ ಹನ್ನೆರಡು ಅಡಿ ಕೊಟ್ಟುಬಿಡು ಎಂದು ಬೇಡಿಕೊಂಡೆ.

ನಾನು ಊರಿಗೆ ಮರಳಬೇಕಿದ್ದ ವಾರದ ಮಂಗಳವಾರ, ಬೆಳಿಗ್ಗೆ ಎಂಟಕ್ಕೆ ಕೋಟೆಯ ಬುಡದಲ್ಲಿದ್ದೆವು. ಅವನು ತೊಗಲಿನ ಗ್ಲೌಸ್ ಹಾಕಿಕೊಂಡ. "ಮಾತಾಡ್ಬೇಡ, ನಗಿಸಬೇಡ. ನಾನು ನಕ್ಕರೆ ಕುರ್ಚಿ ಹಿಂದಕ್ಕೆ ಬರುತ್ತೆ" ಎಂದ. ನಾನು ಬಾಯಿಗೆ ಬೀಗ ಹಾಕಿದಂತೆ ಸನ್ನೆ ಮಾಡಿದೆ.

ಮೊದಲ ತಿರುವು ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ ಬ್ರೇಕ್ ಹಾಕಿ ನೀರು ಕುಡಿದ. ಎಡಭುಜದ ಮೇಲಿಂದ ಒಂದು ನೋಟ ಬಂತು, ಹುಬ್ಬೂ ಎದ್ದಿತು. ಕೊನೆಯ ತಿರುವಿನಲ್ಲಿ ಕಲ್ಲಿನ ಹಾಸು ಶುರುವಾಯಿತು. ಅಲ್ಲಿ ರಸ್ತೆ ಚರಂಡಿಯ ಕಡೆಗೆ ವಾಲಿಕೊಂಡಿತ್ತು. ಗಾಲಿ ಒಂದು ಗೇಣು ಮುಂದಕ್ಕೆ ಹೋಗುವುದು, ಅರ್ಧ ಗೇಣು ಹಿಂದಕ್ಕೆ ಜಾರುವುದು. ಅವನ ಕತ್ತಿನ ನರಗಳು ಉಬ್ಬಿದ್ದವು. ಅಂಗಿ ಬೆನ್ನಿಗಂಟಿತ್ತು. ಕಲ್ಲೊಂದರ ಅಂಚಿಗೆ ಸಿಕ್ಕಿ ಗಾಲಿ ನಿಂತಿತು. ಜಾರಿತು. ಅವನ ಬಾಯಿಂದ ಒಂದು ಸಣ್ಣ ನರಳಿಕೆ ಬಂತು.

ನನ್ನ ಬಲಗೈ ಯಾವಾಗ ಜೇಬಿನಿಂದ ಹೊರಬಂತೋ ನನಗೇ ಗೊತ್ತಾಗಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಗೊತ್ತಿತ್ತು. ಗೊತ್ತಿದ್ದೇ ತೆಗೆದೆ. ಅವನು ನಾಲ್ಕನೇ ಸಲವೂ ವಾಪಸ್ ಹೋಗುವುದನ್ನು ನೋಡುವುದು ನನ್ನ ಕೈಲಾಗಲಿಲ್ಲ. ಕುರ್ಚಿಯ ಬೆನ್ನಿಗೆ ಮೊದಲು ಎರಡು ಬೆರಳು ಕೊಟ್ಟೆ, ಆಮೇಲೆ ಅಂಗೈ. ತನ್ನ ಉಸಿರಿನ ಸದ್ದಲ್ಲೇ ಮುಳುಗಿದ್ದವನಿಗೆ ಅದು ತಿಳಿಯಲಿಲ್ಲ. ಗಾಲಿ ಕಲ್ಲು ದಾಟಿತು. ಇನ್ನೊಂದು ಕಲ್ಲು ದಾಟಿತು. ರಸ್ತೆ ಮಟ್ಟಸವಾದ ಕೂಡಲೇ ನಾನು ಕೈ ತೆಗೆದು ಜೇಬಿಗೆ ಹಾಕಿಕೊಂಡೆ.

ಮೇಲೆ ಅವನು ನೇರವಾಗಿ ಕಂಬಿಯ ಹತ್ತಿರ ಹೋದ. ಕೆಳಗೆ ಇಡೀ ಊರು, ಸಮುದ್ರ, ಹಡಗುಗಳು. ಅವನು ಅವುಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕಂಬಿಯ ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು, ತುಕ್ಕು ಕಾಣುತ್ತಿತ್ತು. ಸಂದುಗಳಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿತ್ತು.

"ನೋಡು, ನೋಡು! ಸಂದಿಗೊಂದೀಲೆಲ್ಲ ಬ್ರಷ್ ಆಡಿಸಿದೀನಿ. ಯಾರು ನೋಡ್ತಾರೋ, ಬೇಗ ಮುಗ್ಸೋ ಅಂತ ಮಾವ ಬೈತಿದ್ದ." ನಗುತ್ತಿದ್ದವನ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. "ಬಂದೆ ಕಣೇ. ನಾನೇ ಬಂದೆ."

ಗ್ಲೌಸ್ ಕಿತ್ತೆಸೆದು ನನ್ನ ಬಲಗೈ ಹಿಡಿದು ಕೆನ್ನೆಗೆ ಒತ್ತಿಕೊಂಡ. ಅದೇ ಕೈ! ಕೆನ್ನೆ ಕಣ್ಣೀರಿಗೆ, ಬೆವರಿಗೆ ಒದ್ದೆಯಾಗಿತ್ತು.

"ಒಂದು ಮಾತು ಕೇಳ್ಲಾ? ಇಷ್ಟು ದಿನ ಕೇಳೋಕೆ ಧೈರ್ಯ ಇರ್ಲಿಲ್ಲ. ಇವತ್ತು ಏನು ಬೇಕಾದ್ರೂ ಕೇಳಬಲ್ಲೆ ಅನ್ನಿಸ್ತಿದೆ. ಓದು ಮುಗಿಸ್ಕೊಂಡು ಬಾ. ಇಲ್ಲೇ ನನ್ನ ಜೊತೆ ಇರು. ಬರ್ತೀಯಾ?"

"ಬರ್ತೀನಿ" ಎಂದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದರ ಹಿಂದೆಯೇ ಹೇಳಬೇಕಾಗಿದ್ದ ಇನ್ನೊಂದು ಮಾತನ್ನು ಹೇಳಲಿಲ್ಲ. ಆ ಮುಖ ನೋಡುತ್ತಾ ಅದನ್ನು ಹೇಗೆ ಹೇಳಲಿ? ನೀವೇ ಹೇಳಿ.

ಅವನು ತೊಡೆಯ ಮೇಲೆ ಫಾರ್ಮ್ ಇಟ್ಟುಕೊಂಡು ಹಸಿರು ಎಂದು ಬರೆದು ಸಹಿ ಹಾಕಿದ. ನನ್ನತ್ತ ಪೆನ್ನು ಚಾಚಿದ. 'ನೋಡಿದವರು' ಎಂಬಲ್ಲಿ ನಾನು ಸಹಿ ಮಾಡಿದೆ. ನನ್ನ ಸಹಿ ಯಾವತ್ತೂ ಅಷ್ಟು ದುಂಡಗೆ ಬಂದಿರಲಿಲ್ಲ.

ಮರುದಿನ ಮಧ್ಯಾಹ್ನ ತನ್ನ ಮನೆಗೆ ಕರೆದ. ನೆಲಮಹಡಿಯ ಎರಡು ಕೋಣೆಯ ಮನೆ. ಕಪಾಟು, ಸ್ವಿಚ್ಚು, ಕನ್ನಡಿ ಎಲ್ಲಾ ಸೊಂಟದೆತ್ತರಕ್ಕೆ. ಅವನ ಅಮ್ಮ ಕಿಟಕಿ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಜನರಿಗೆ ಪರದೆ ಹೊಲಿದು ಕೊಡುತ್ತಿದ್ದರು. ಮಗ ಬ್ರೆಡ್ ತರಲು ಅಂಗಡಿಗೆ ಹೋದದ್ದೇ ತಡ, ನನ್ನ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಇವತ್ತು ಬೆಳಿಗ್ಗೆ ಅವನು ಶಿಳ್ಳೆ ಹೊಡೀತಿದ್ದ ಕಣಮ್ಮ. ನಾನು ಒಲೆ ಮೇಲಿನ ಹಾಲು ಮರೆತು ಕೇಳ್ತಾ ನಿಂತುಬಿಟ್ಟೆ, ಉಕ್ಕಿ ಎಲ್ಲಾ ಚೆಲ್ಲೋಯ್ತು. ಬಣ್ಣದ ಕೆಲಸಕ್ಕೆ ಹೋಗ್ತಿದ್ದಾಗ ಸದಾ ಶಿಳ್ಳೆ. ಏಳು ವರ್ಷದಿಂದ ಒಂದು ಸಲಾನೂ ಕೇಳಿರ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀನು ಬಂದೆ, ನನ್ನ ಮಗ ವಾಪಸ್ ಬಂದ. ಇನ್ನೇನೂ ಕೇಳಲ್ಲ ನಾನು."

ಬಿಸಿ ಟೀ ಗುಟುಕರಿಸಿ ನಾಲಿಗೆ ಸುಟ್ಟುಕೊಂಡೆ. ಒಬ್ಬ ತಾಯಿಯ ಸಂತೋಷ ಅಷ್ಟು ಹತ್ತಿರದಿಂದ ಮೈಗೆ ತಾಗಿದರೆ ಯಾರು ತಾನೇ ನಿಜ ಹೇಳುತ್ತಾರೆ? ಏನಾಗುತ್ತದೆ ಮಹಾ, ಒಂದು ಪುಸ್ತಕದಲ್ಲಿ ಒಂದು ಬಣ್ಣ ಎಂದು ಸಮಾಧಾನ ಮಾಡಿಕೊಂಡೆ.

ಗುರುವಾರ ಆ ಸಮಾಧಾನವೂ ಹೋಯಿತು. ಆಫೀಸಿನಲ್ಲಿ ನಾನು ಫಾರ್ಮುಗಳನ್ನು ಜೋಡಿಸುತ್ತಿದ್ದೆ. ದೊಡ್ಡಕ್ಕ ಫೋನಿನಲ್ಲಿದ್ದರು. ಆ ಕಡೆ ಇದ್ದವರು ನಿವೃತ್ತ ಟೀಚರೊಬ್ಬರು. ಹತ್ತು ವರ್ಷದಿಂದ ಗಾಲಿಕುರ್ಚಿಯಲ್ಲಿ ಓಡಾಡುವವರು, ಒಂಟಿ ಜೀವ. ಪ್ರತಿವರ್ಷ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಫೋನ್ ಮಾಡಿ ಕೋಟೆಯ ವಿಷಯ ವಿಚಾರಿಸುತ್ತಿದ್ದರಂತೆ.

"ಈ ಸಲ ಹಸಿರು ಟೀಚರ್! ನಮ್ಮ ಇಂಚು ಒಬ್ನೇ ಹತ್ತಿ ಬಂದ!"

"ನಿಜವಾಗ್ಲೂ?" ಸ್ಪೀಕರಿನಲ್ಲಿ ಆ ದನಿ ಚಿಕ್ಕ ಹುಡುಗಿಯದರ ಹಾಗೆ ಕೇಳಿಸಿತು. "ಹಾಗಾದ್ರೆ ಪುಸ್ತಕ ಬರೋ ತನಕ ಯಾಕೆ ಕಾಯ್ಲಿ, ಭಾನುವಾರಾನೇ ಹೊರಟೆ. ಯಾರನ್ನೂ ಕರೆಯಲ್ಲ. ನನ್ನ ಪಾಡಿಗೆ ನಾನು ಹತ್ತಿ ಬರ್ತೀನಿ."

ನನ್ನ ಕಣ್ಣೆದುರು ಆ ಕೊನೆಯ ತಿರುವು ಬಂತು. ಚರಂಡಿಗೆ ವಾಲಿದ ಆ ಕಲ್ಲುಹಾಸು, ಅಲ್ಲಿ ಹಿಂದಕ್ಕೆ ಜಾರುತ್ತಿರುವ ಮುದುಕಿ, ಹಿಂದೆ ಯಾರೂ ಇಲ್ಲ. ಕೈಯಲ್ಲಿದ್ದ ಫಾರ್ಮುಗಳನ್ನು ಮೇಜಿನ ಮೇಲೆ ಇಟ್ಟು ಒಳಕೋಣೆಗೆ ಹೋದೆ.

ಅವನು ಅಚ್ಚಿನ ಕರಡು ತಿದ್ದುತ್ತಾ ಶಿಳ್ಳೆ ಹೊಡೆಯುತ್ತಿದ್ದ. ಅವನ ಅಮ್ಮ ಒಲೆಯ ಮೇಲಿನ ಹಾಲು ಮರೆತದ್ದರಲ್ಲಿ ತಪ್ಪಿಲ್ಲ, ತುಂಬಾ ಚೆನ್ನಾಗಿ ಹೊಡೆಯುತ್ತಿದ್ದ.

"ಕೋಟೆ ಹಸಿರಲ್ಲ" ಎಂದೆ. "ಕೊನೇ ತಿರುವಲ್ಲಿ ನಾನು ತಳ್ಳಿದೆ."

ಶಿಳ್ಳೆ ನಿಂತಿತು. ತಮಾಷೆ ಇರಬಹುದೇ ಎಂದು ಅವನು ನನ್ನ ಮುಖದಲ್ಲಿ ಹುಡುಕಿದ. ಸಿಗಲಿಲ್ಲ.

"ಎಷ್ಟಡಿ?"

"ಹನ್ನೆರಡೂ."

"ಒಂದು ಕೈಯೋ ಎರಡೋ?"

"ಮೊದಲು ಎರಡು ಬೆರಳು. ಆಮೇಲೆ ಒಂದು ಕೈ ಪೂರ್ತಿ."

ಅದನ್ನೂ ಅಳತೆ ತೆಗೆದುಕೊಂಡ ಹಾಗೆ ತಲೆಯಾಡಿಸಿದ. ಬೈದಿದ್ದರೆ, ಕೈಗೆ ಸಿಕ್ಕಿದ್ದನ್ನು ಎಸೆದಿದ್ದರೆ ಎಷ್ಟೋ ಮೇಲಾಗಿರುತ್ತಿತ್ತು.

"ನೀನು ಜಾರ್ತಿದ್ದೆ ಕಣೋ. ನನಗೆ ನೋಡೋಕಾಗ್ಲಿಲ್ಲ. ನಿನ್ನ ಮೇಲಿನ ಪ್ರೀತಿಗೆ..."

"ಜಾರ್ತಿದ್ದೆ, ಹೌದು. ಬ್ರೇಕ್ ಹಾಕ್ಕೊಂಡು, ಉಸಿರು ತಗೊಂಡು, ಮತ್ತೆ ಹತ್ತುತ್ತಿದ್ದೆನೋ ಏನೋ. ಹತ್ತಿರಬಹುದು. ಹತ್ತದೇನೂ ಇರಬಹುದು." ಅವನ ದನಿ ಬಹಳ ತಗ್ಗಿತ್ತು. "ಇನ್ನು ಅದು ನನಗೆ ಯಾವತ್ತೂ ಗೊತ್ತಾಗಲ್ಲ ಅಲ್ವಾ?"

ಅವನಿಗೆ ಬೆಟ್ಟ ಕೊಟ್ಟೆ ಎಂದುಕೊಂಡಿದ್ದವಳು ನಾನು, ಅವನ ಬೆಟ್ಟವನ್ನು ಕದ್ದಿದ್ದೆ. ಅಳಲೂ ನನಗೆ ಮುಖವಿರಲಿಲ್ಲ.

ಅವನು ದೊಡ್ಡಕ್ಕನನ್ನು ಕೂಗಿ ಕರೆದು, ಕೋಟೆಯ ಪುಟವನ್ನು ಒಂದು ದಿನ ತಡೆಹಿಡಿಯಲು, ಟೀಚರಿಗೆ ಕೂಡಲೇ ಫೋನ್ ಮಾಡಲು ಹೇಳಿದ. "ಅಳತೇಲಿ ತಪ್ಪಾಗಿದೆ ಅಕ್ಕ, ನಾಳೆ ಮತ್ತೆ ಹತ್ತಿ ನೋಡ್ತೀವಿ" ಎಂದ. ಯಾರ ತಪ್ಪು ಎಂದು ಹೇಳಲಿಲ್ಲ. ಅದರಿಂದ ನನಗೆ ಏಟು ತಿಂದದ್ದಕ್ಕಿಂತ ಹೆಚ್ಚು ನೋವಾಯಿತು.

ಶುಕ್ರವಾರ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿದ್ದೆವು. ಮರುದಿನ ಬೆಳಿಗ್ಗೆ ನನ್ನ ವಿಮಾನ. ನನ್ನ ಬದಲು ದೊಡ್ಡಕ್ಕ ಬರಲಿ ಎಂದು ಹೇಳಿ ನೋಡಿದ್ದೆ. "ಬೇಡ, ನೀನೇ ಬಾ" ಎಂದಿದ್ದ.

ಎರಡು ತಿರುವು ಚೆನ್ನಾಗಿಯೇ ಏರಿದ. ನಿಜ ಹೇಳುತ್ತೇನೆ, ಮಂಗಳವಾರಕ್ಕಿಂತ ಚೆನ್ನಾಗಿ ಏರಿದ. ಸಿಟ್ಟಿನ ಬಲವೂ ಇತ್ತೇನೋ. ಕೊನೆಯ ತಿರುವಿನ ಕಲ್ಲು ಶುರುವಾದಾಗ ಗಾಲಿಗಳು ಒಂದೇ ಲಯದಲ್ಲಿ ಉರುಳುತ್ತಿದ್ದವು. ಮಂಗಳವಾರ ಸಿಕ್ಕಿಕೊಂಡಿದ್ದ ಕಲ್ಲನ್ನು ನನ್ನ ಕಣ್ಣೆದುರಿಗೇ ದಾಟಿದ. ಆಗುತ್ತೆ, ಆಗುತ್ತೆ ಎಂದು ಮನಸ್ಸಿನಲ್ಲೇ ಕುಣಿಯುತ್ತಿದ್ದೆ.

ಆಗ ಅವನು ತಿರುಗಿ ನೋಡಿದ. ಎಡಭುಜದ ಮೇಲಿಂದ, ಎಂದಿನಂತೆ. ಆದರೆ ಆ ಕಣ್ಣು ನನ್ನ ಜೇಬಿನ ಹತ್ತಿರವೇ ನಿಂತಿತು, ಮುಖದವರೆಗೆ ಏರಲಿಲ್ಲ. ಎರಡಡಿ ಹೋಗಿ ಮತ್ತೆ ನೋಡಿದ. ನಾನು ಇನ್ನೂ ಹಿಂದೆ ಸರಿದು ನಿಂತೆ, ತೋಳು ಕಾಣಲೆಂದು 'ನಾನಿಲ್ಲ, ನಾನಿಲ್ಲ' ಎನ್ನುವ ಹಾಗೆ ಜೇಬಿನಲ್ಲಿ ಕೈಯಿಟ್ಟುಕೊಂಡೇ ಮೊಣಕೈ ಅಗಲಿಸಿದೆ. ಮೂರನೇ ಸಲ ಅವನು ತಿರುಗಿದಾಗ ಲಯ ತಪ್ಪಿತು. ಎಡಗಾಲಿ ಚರಂಡಿಯ ಕಡೆ ವಾಲಿತು. ಕುರ್ಚಿ ಅಡ್ಡಕ್ಕೆ ತಿರುಗಿ ಜಾರತೊಡಗಿತು.

ನಾನು ಕದಲಲಿಲ್ಲ. ಜೇಬಿನೊಳಗೆ ಉಗುರು ಅಂಗೈಗೆ ನೆಟ್ಟಿತ್ತು. ಅವನು ಬ್ರೇಕ್ ಎಳೆದ. ಕುರ್ಚಿ ಚರಂಡಿಯ ಅಂಚಿನಲ್ಲಿ ನಿಂತಿತು. ಮೇಲಿನ ಹಸಿರು ಕಂಬಿ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಅವನು ತೋಳು ಸೋತು, ತಲೆ ತಗ್ಗಿಸಿಕೊಂಡು ಬಹಳ ಹೊತ್ತು ಕೂತಿದ್ದ.

"ಹಳದಿ" ಎಂದ ಕೊನೆಗೆ. "ಸೈನ್ ಮಾಡು."

ಮಾಡಿದೆ. "ಈಗ... ನಿನ್ನ ಕೇಳಿಯೇ ತಳ್ತೀನಿ. ಮೇಲೆ ಹೋಗೋಣ್ವಾ?"

"ಬೇಡ." ಸಿಡುಕಲಿಲ್ಲ. "ಇಳಿಯೋಣ ನಡಿ."

ಗುಡ್ಡದ ಬುಡದ ಬಸ್ ಸ್ಟಾಪಿನಲ್ಲಿ ನೆರಳಿತ್ತು. ಅವನು ಗ್ಲೌಸ್ ಬಿಚ್ಚಿದ. ಅಂಗೈಯಲ್ಲಿ ಬೊಬ್ಬೆ ಒಡೆದಿತ್ತು. ನನ್ನ ಕರವಸ್ತ್ರ ಕೊಟ್ಟೆ, ತೆಗೆದುಕೊಂಡ.

"ಇವತ್ತು ನೀನು ನನ್ನ ಮುಟ್ಟಲಿಲ್ಲ. ನಾನು ನೋಡಿದೆ" ಎಂದ. "ನೋಡದೆ ಹೋಗಿದ್ರೆ ಹತ್ತಿಬಿಡ್ತಿದ್ದೆ ಅನ್ಸುತ್ತೆ. ಆದ್ರೆ ನೋಡದೆ ಇರೋಕಾಗ್ಲಿಲ್ಲ."

"ಕಾಲ ಕಳೀತಾ ಸರಿಹೋಗುತ್ತೆ. ನಾನು ಇನ್ನು ಯಾವತ್ತೂ..."

"ಗೊತ್ತು. ಇನ್ನು ಯಾವತ್ತೂ ಮಾಡಲ್ಲ ನೀನು. ಅದು ನಿನ್ನ ಕಡೆ. ನನ್ನ ಕಡೆ ನಾನು ಏನು ಮಾಡ್ಲಿ? ಒಂದು ಬಾಗಿಲು ದಾಟಿದ್ರೂ, ಒಂದು ಕೆಲಸ ಗೆದ್ರೂ, ಇದು ನಾನೇನಾ ಅವಳಾ ಅಂತ ತಿರುಗಿ ನೋಡ್ತೀನಿ. ಜೀವನಪೂರ್ತಿ ಹಿಂದೆ ನೋಡ್ತಾ ಹತ್ತೋಕಾಗಲ್ಲ ಕಣೇ."

"ಹಾಗಾದ್ರೆ ನಾನು ಬರೋದು ಬೇಡ್ವಾ?"

ಅವನು ಕರವಸ್ತ್ರವನ್ನು ಅಂಗೈಗೆ ಸುತ್ತಿಕೊಳ್ಳುತ್ತಿದ್ದ. "ಬೇಡ" ಎಂದ.

"ನನ್ನ ಮೇಲಿನ ಪ್ರೀತಿ ಹೋಯ್ತಾ?"

"ಹೋಗಿದ್ರೆ ಎಷ್ಟು ಸುಲಭ ಆಗ್ತಿತ್ತು ಗೊತ್ತಾ?"

ನನಗೆ ಆಗ ಅಳು ಬಂತು. ತಡೆಯಲಿಲ್ಲ, ರಸ್ತೆಯಲ್ಲಿ ಹೋಗುವವರು ನೋಡಲಿ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅವನೂ ಅತ್ತ. ಯಾರೋ ಹೆಂಗಸು ನಿಂತು, "ಏನಾದ್ರೂ ಸಹಾಯ ಬೇಕಾ?" ಎಂದು ಕೇಳಿದಳು. ಇಬ್ಬರೂ ಒಟ್ಟಿಗೇ ತಲೆಯಾಡಿಸಿ ಬೇಡವೆಂದೆವು.

ಬಸ್ಸು ಬಂತು. ಡ್ರೈವರು ಇಳಿದು ಹಲಗೆ ಹಾಕಿದ, ಅವನು ತಾನೇ ಏರಿ ಕಿಟಕಿಯ ಬಳಿ ಕುರ್ಚಿ ನಿಲ್ಲಿಸಿಕೊಂಡ. ನಾನು ಪಕ್ಕದ ಸೀಟಿನಲ್ಲಿ ಕೂತೆ. ಬಸ್ಸು ಹೊರಟ ಮೇಲೆ ಅವನು ಕೈ ಚಾಚಿದ, ನಾನು ಹಿಡಿದುಕೊಂಡೆ. ಊರೊಳಗಿನ ಅವನ ಸ್ಟಾಪಿಗೆ ನಲವತ್ತು ನಿಮಿಷದ ದಾರಿ. ಲೈಬ್ರರಿ ಹೋಯಿತು, ಚಿತ್ರಶಾಲೆ ಹೋಯಿತು, ಹಡಗುಕಟ್ಟೆ ಹೋಯಿತು. ಅಷ್ಟು ಗಟ್ಟಿಯಾಗಿ ನನ್ನ ಕೈಯನ್ನು ಅದಕ್ಕೆ ಮೊದಲು ಯಾರೂ ಹಿಡಿದಿರಲಿಲ್ಲ, ಆಮೇಲೂ ಹಿಡಿದಿಲ್ಲ.

ಅವನ ಸ್ಟಾಪು ಬಂದು ಬಸ್ಸು ನಿಂತಿತು. ಡ್ರೈವರು ಹಲಗೆ ಹಾಕಿ ಕಾಯುತ್ತಿದ್ದ. ಗಾಲಿ ತಿರುಗಿಸಲು ಅವನಿಗೆ ಎರಡೂ ಕೈ ಬೇಕು. ಒಂದು ನನ್ನ ಹತ್ತಿರ ಇತ್ತು. ಅವನು ಎಳೆದುಕೊಳ್ಳಲಿಲ್ಲ, ಸುಮ್ಮನೆ ನನ್ನ ಮುಖ ನೋಡುತ್ತಾ ಕೂತಿದ್ದ.

ನಾನು ಬಿಟ್ಟುಕೊಟ್ಟೆ.